ಪ್ಲೇಟಿನ ಮೇಲೆ ಮೂಡಿದ ಕೈ

ರಘುರಾಮ ತೀರಿಕೊಂಡ ಐದು ತಿಂಗಳ ಮೇಲೆ ಅವನ ಕೈ ಡಾರ್ಕ್‌ರೂಮಿನಲ್ಲಿ ಕಾಣಿಸಿಕೊಂಡಿತು.

೧೯೫೮ರ ನವೆಂಬರು. ಮದರಾಸಿಗೆ ಮಳೆ ಹಿಡಿದಿತ್ತು. ಕುಂದಾಪುರದ ಕಡೆಯ ಕೃಷ್ಣರಾಜ, ಮಾವನ ಹೋಟೆಲು ಬಿಟ್ಟು, ಗಿಂಡಿಯ ಒಂದು ಪ್ರಯೋಗಾಲಯ ಸೇರಿ ಆರು ವರ್ಷವಾಗಿತ್ತು. ಅಲ್ಲಿ ಯುರೇನಿಯಂ ಮೇಲೆ ಇಲೆಕ್ಟ್ರಾನುಗಳನ್ನು ಹಾಯಿಸಿ, ಹೊರಬೀಳುವ ಎಕ್ಸ್-ರೇಯನ್ನು ಅಭ್ರಕದ ಹರಳಿನಿಂದ ಬಿಡಿಸಿ, ಗಾಜಿನ ಫೋಟೋ ಪ್ಲೇಟಿನ ಮೇಲೆ ಗೆರೆಗಳಾಗಿ ಹಿಡಿಯುತ್ತಿದ್ದರು. ಕಪ್ಪು ಯುರೇನಿಯಂ ಪುಡಿಯನ್ನು ತಾಮ್ರದ ಬಿಲ್ಲೆಗೆ ಬರಿಗೈಯಲ್ಲಿ ಉಜ್ಜಿ ಕೂರಿಸುವವನು ರಘುರಾಮ; ಪ್ಲೇಟನ್ನು ದ್ರಾವಣದಲ್ಲಿ ತೊಳೆದು ಚಿತ್ರ ಮೂಡಿಸುವವನು ಕೃಷ್ಣರಾಜ. ಜ್ವರವೆಂದು ಮಲಗಿದ ರಘುರಾಮ ಏಳಲಿಲ್ಲ. ಯಾವ ಜ್ವರವೆಂದು ಯಾರೂ ಹೇಳಲಿಲ್ಲ. ಅವನ ಕೆಲಸವೂ ಕೃಷ್ಣರಾಜನ ಪಾಲಿಗೇ ಬಂತು.

ಆ ದಿನ ಹೊಸ ಪ್ಲೇಟುಗಳು ಮುಗಿದು, ಕಪಾಟಿನ ಮೂಲೆಯ ಹಳೇ ಕಟ್ಟನ್ನು ಬಿಚ್ಚಿದ್ದ. ಕೆಂಪು ದೀಪದಡಿ, ದ್ರಾವಣದೊಳಗೆ ಯುರೇನಿಯಂ ಗೆರೆಗಳ ಜೊತೆಗೇ ಬೆರಳಿನಂಥ ನಾಲ್ಕು ಬೂದು ಕಲೆಗಳು ಎದ್ದವು. ಒಂದು ಮೊಟಕು. ಲೇತ್ ಯಂತ್ರಕ್ಕೆ ಸಿಕ್ಕಿ ಉಂಗುರದ ಬೆರಳಿನ ತುದಿ ಹೋಗಿದ್ದದ್ದು ರಘುರಾಮನೊಬ್ಬನಿಗೇ.

ಕೃಷ್ಣರಾಜ ಪ್ಲೇಟು ಹಿಡಿದು ವಿಜ್ಞಾನಿ ತಿರುಮಲೇಶರ ಬಳಿ ಓಡಿದ.

"ದೆವ್ವ ಅಲ್ಲಪ್ಪ," ಅಂದರು ಅವರು, ಬೆಳಕಿಗೆ ಹಿಡಿದು. "ಅವನ ಕೈಯ ಪುಡಿ ಕಟ್ಟಿನ ಕಾಗದಕ್ಕೆ ಹತ್ತಿದೆ. ಯುರೇನಿಯಂಗೆ ಕ್ಯಾಮೆರಾ ಬೇಡ, ಕತ್ತಲಲ್ಲಿ ಕೂತು ತನ್ನ ಚಿತ್ರ ತಾನೇ ತೆಗೆದಿದೆ. ಒಡೆದುಹಾಕು."

"ಸತ್ತ ಮೇಲೂ ಹೋಗೂದಿಲ್ವಾ ಸಾರ್ ಅದು?"

"ನಾವು ನೀವೆಲ್ಲ ಹೋದ ಮೇಲೂ ಇರುತ್ತೆ."

ಒಡೆಯಲು ಅವನಿಗೆ ಕೈ ಬರಲಿಲ್ಲ. ಅವತ್ತೇ ಸಂಜೆ, ಸೋಪು ಹಚ್ಚಿ ಮೂರು ಸಲ ತೊಳೆದುಕೊಂಡು, ಕಾಗದ ಸುತ್ತಿದ ಹೊಸ ಪ್ಲೇಟಿನ ಮೇಲೆ ತನ್ನ ಬಲಗೈ ಒತ್ತಿ ಕಪಾಟಿನಲ್ಲಿಟ್ಟ. ಎರಡು ತಿಂಗಳು ಅತ್ತ ನೋಡಲಿಲ್ಲ. ಜನವರಿಯಲ್ಲಿ ತೊಳೆದಾಗ ಐದು ಬೆರಳೂ ನಿಧಾನಕ್ಕೆ ಎದ್ದು ಬಂದವು. ಉಗುರಿನ ಸಂದು ಮಾತ್ರ ಹೆಚ್ಚು ಕಪ್ಪು.

ಅಂದು ಕ್ರೋಂಪೇಟೆಯ ಮನೆಗೆ ಬಂದಾಗ ನಾಲ್ಕು ವರ್ಷದ ಬೇಬಿ ತಟ್ಟೆ ಹಿಡಿದು ಓಡಿಬಂದಳು. "ಅಪ್ಪಾ, ಊಟ್ಟಿ ವಿಡು!" ಉಣಿಸು ಅನ್ನುವುದನ್ನು ಬೀದಿಯ ತಮಿಳಿನಲ್ಲೇ ಕಲಿತಿದ್ದಳು. ದಿನವೂ ಉಣಿಸುತ್ತಿದ್ದವನು ಅವನೇ. ಕೈಗಳು ತಾವಾಗಿ ಬೆನ್ನ ಹಿಂದೆ ಹೋದವು.

"ಎಂತಾಯ್ತು? ಕೈ ತೊಳ್ದಿದ್ರಲ್ಲ?" ಅಂದಳು ಹೆಂಡತಿ ಅಂಬುಜಾ.

"ತೊಳ್ದಿದ್ದೆ. ಇವತ್ತಿಂದ ನೀನೇ ತಿನ್ಸು."

ಮಗು ಅಳುತ್ತಿತ್ತು. ಮರುದಿನ ತಿರುಮಲೇಶರಲ್ಲಿ ಕೈಗವಸು ಕೇಳಿದ. ಅದು ಬರಲು ಮತ್ತೆ ಮಳೆಗಾಲವಾಯಿತು.