ಬಂದನು, ಬಂದರು

ಆ ವರ್ಷ ಏಳನೇ ತರಗತಿಗೆ ವಾಕ್ಯರಚನೆಯ ಪಾಠ ಶುರು ಮಾಡಿದ್ದು ಕಾಲುವೆಗೆ ನೀರು ಬಿಟ್ಟ ವಾರ. ಶಾಲೆ ಇದ್ದದ್ದು ಬಳಗಾನೂರಿನ ಆಚೆ ಒಂದು ಹಳ್ಳಿಯಲ್ಲಿ. ನಾನು ಮಸ್ಕಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಭತ್ತದ ನಾಟಿ ಶುರುವಾದರೆ ನಮ್ಮಲ್ಲಿ ಅರ್ಧ ತರಗತಿ ಖಾಲಿ. ಬಂದ ಮಕ್ಕಳೂ ಗದ್ದೆಗೆ ಬುತ್ತಿ ಮುಟ್ಟಿಸಿ, ಕಾಲಿನ ಕೆಸರು ಒಣಗುವ ಮೊದಲೇ ಓಡಿಬಂದು ಕೂತಿರುತ್ತಿದ್ದರು.

ಅವರಿಗೆ ಕನ್ನಡ ಬರುತ್ತಿರಲಿಲ್ಲ ಎಂದಲ್ಲ. ಬಾಯಿ ತೆರೆದರೆ ಮಾತು ಹರಿಯುತ್ತಿತ್ತು. ಬರೆಯಲು ಕೂತಾಗ ಮಾತ್ರ ಕರ್ತೃ ಒಂದು ದಿಕ್ಕಿಗೆ, ಕ್ರಿಯಾಪದ ಇನ್ನೊಂದು ದಿಕ್ಕಿಗೆ. 'ನಾವು ಸಂತೆಗೆ ಹೋದೆನು' ಎಂದು ಒಬ್ಬ ಬರೆದರೆ 'ಎಮ್ಮೆ ಬಂದಳು' ಎಂದು ಇನ್ನೊಬ್ಬಳು. ಮನೆಯಲ್ಲಿ 'ಅವ್ವ ಬಂದಾಳ' ಎಂದು ಸರಾಗವಾಗಿ ಅನ್ನುವವರೇ ಪುಸ್ತಕದ ಭಾಷೆಗೆ ಬಂದ ಕೂಡಲೇ ಎಡವುತ್ತಿದ್ದರು. ಅದಕ್ಕೇ ಅವತ್ತು ಕರಿಹಲಗೆಯ ಮೇಲೆ ನಾಲ್ಕು ಮನೆ ಎಳೆದು ಬಂದನು, ಬಂದಳು, ಬಂದಿತು, ಬಂದರು ಎಂದು ಬರೆದೆ. ನಾಲ್ಕನೆಯ ಮನೆ ಹಲವರಿಗೆ. ಒಬ್ಬರೇ ಆದರೂ ನಾವು ಗೌರವ ಕೊಡುವವರಾದರೆ ಅವರಿಗೂ ಅದೇ ಮನೆ ಎಂದು ವಿವರಿಸಿದೆ. ಆಮೇಲೆ, ಮುಂಜಾನೆಯಿಂದ ಯಾರನ್ನು ನೋಡಿದಿರೋ ಅವರ ಬಗ್ಗೆ ಒಂದೊಂದು ವಾಕ್ಯ ಹೇಳಿ ಎಂದೆ.

ಕೋಳಿ ಬಂದಿತು, ಕಂಡಕ್ಟರ್ ಬಂದನು, ಅಜ್ಜಿ ಬಂದಳು. ಪಾಠ ನಗುತ್ತ ಸಾಗಿತ್ತು. ಮುಂದಿನ ಸಾಲಿನ ಹುಡುಗನೊಬ್ಬ ಎದ್ದ. ಊರಿನ ದೊಡ್ಡ ಜಮೀನುದಾರರ ಮಗ, ಚುರುಕು ಹುಡುಗ. 'ನಮ್ಮ ಗದ್ದೆಗೆ ನೀರು ಕಟ್ಟುವ ಮುದುಕ ಬಂದನು' ಎಂದು ಹೇಳಿ ಮೊದಲನೆಯ ಮನೆಗೆ ಬೆರಳು ತೋರಿಸಿದ. ಅವನ ದನಿಯಲ್ಲಿ ಕೊಂಕಿರಲಿಲ್ಲ. ಮನೆಯಲ್ಲಿ ಕೇಳಿದ್ದನ್ನು ವ್ಯಾಕರಣ ತಪ್ಪದಂತೆ ಹೇಳಿದ್ದ, ಅಷ್ಟೆ.

ನಾನು ಸೀಮೆಸುಣ್ಣ ಎತ್ತುವಷ್ಟರಲ್ಲಿ ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತಳು.

"ಟೀಚರ್, ಅವ್ರು ನಮ್ಮಜ್ಜ. ಇವ್ರಪ್ಪಗಿಂತ ದೊಡ್ಡವ್ರು. ಯಾವ ಮನ್ಯಾಗ ಬರೀಬೇಕ್ರಿ?"

ತರಗತಿಯೆಲ್ಲ ನನ್ನ ಕಡೆ ತಿರುಗಿತು. ಹನ್ನೆರಡು ಹದಿಮೂರು ವರ್ಷದ ಮಕ್ಕಳಿಗೆ ಏನು ಕೇಳಲಾಗಿದೆ ಎಂಬುದು ಚೆನ್ನಾಗಿ ಗೊತ್ತಾಗಿತ್ತು. ನನಗೂ ಗೊತ್ತಾಗಿತ್ತು. ಅಪ್ಪ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಕೆಲಸ ಮಾಡಿದವರು. ನಾನು ಬೆಳೆದದ್ದು ಕಂಪನಿಯ ಮನೆಯಲ್ಲಿ. ಅಲ್ಲಿ ನಮ್ಮ ಜಾತಿಯನ್ನು ಯಾರೂ ಅಷ್ಟಾಗಿ ಕೇಳುತ್ತಿರಲಿಲ್ಲ. ಆದರೆ ರಜೆಗೆ ತಾತನ ಹಳ್ಳಿಗೆ ಹೋದರೆ ನನಗಿಂತ ಸಣ್ಣ ಹುಡುಗರು ತಾತನನ್ನು 'ಬಾರಲೇ' ಎಂದು ಕರೆಯುವುದನ್ನು ಕೇಳುತ್ತಿದ್ದೆ. ನಮ್ಮ ಮನೆಯವರು ಬೌದ್ಧರಾದ ಮೇಲೂ ಆ ಊರಿನವರ ಬಾಯಲ್ಲಿ ಆ ಮಾತು ಬದಲಾಗಿರಲಿಲ್ಲ.

ಎರಡೂ ತಪ್ಪಲ್ಲ, ಮುಂದಿನ ವಾಕ್ಯ ಹೇಳಿ ಎಂದು ಜಾರಿಕೊಳ್ಳಲು ದಾರಿ ಇತ್ತು. ನಾನು ನಾಲ್ಕನೆಯ ಮನೆಯಲ್ಲಿ ಬರೆದೆ. 'ನಮ್ಮ ಗದ್ದೆಗೆ ನೀರು ಕಟ್ಟುವ ಅಜ್ಜ ಬಂದರು.' ಓದು ಅಂತ ಹುಡುಗನಿಗೆ ಹೇಳಿದೆ. ಅವನು ಓದಿದ. ಓದಿ, ಕೂರದೆ ಹಾಗೇ ನಿಂತ.

"ನಮ್ಮಪ್ಪಗೂ ಬಂದರು, ಅವ್ರಿಗೂ ಬಂದರು ಅಂದ್ರ ಇಬ್ರೂ ಒಂದ ಆದ್ರಲ್ರಿ?"

"ವ್ಯಾಕರಣದಾಗ ಹೌದು," ಎಂದೆ. ಗಂಟೆ ಹೊಡೆಯಿತು.

ಮರುದಿನ ಹುಡುಗಿಯ ಜಾಗ ಖಾಲಿ ಇತ್ತು. ಹುಡುಗ ಬಂದಿದ್ದ. ಅವನ ಎಡಗೆನ್ನೆ ಊದಿತ್ತು. ಏನಾಯಿತು ಎಂದು ಕೇಳುವ ಮೊದಲೇ ಹೆಡ್ ಮಾಸ್ತರು ಹೇಳಿಕಳಿಸಿದರು.

ಅವರ ಕೋಣೆಯಲ್ಲಿ ಹುಡುಗನ ಅಪ್ಪ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೇಜಿನ ಮೇಲೆ ಬೈಕಿನ ಕೀಲಿ. ಹಿಂದಿನ ಸಂಜೆ ನಡೆದದ್ದನ್ನು ಅವರೇ ಹೇಳಿದರು. ಗದ್ದೆಯಲ್ಲಿ ನಾಟಿ ನಡೆದಿತ್ತು. ಬದುವಿನ ಮೇಲೆ ನಿಂತಿದ್ದ ಮಗ ಎಲ್ಲರಿಗೂ ಕೇಳುವಂತೆ, 'ಅಪ್ಪಾ, ಅಜ್ಜಾರು ಬಂದ್ರು ನೋಡು' ಎಂದನಂತೆ. ನಾಟಿಯ ಹೆಂಗಸರು ಬಗ್ಗಿದಲ್ಲೇ ನಕ್ಕರಂತೆ. ಒಬ್ಬಳು ನಗುತ್ತ ಅದನ್ನೇ ಇನ್ನೊಮ್ಮೆ ಅಂದಳಂತೆ. ಅವರು ಮಗನಿಗೆ ಹೊಡೆದರು. ಅಜ್ಜನಿಗೆ ನಾಳೆಯಿಂದ ಬರಬೇಡ ಎಂದರು. ಇದನ್ನೆಲ್ಲ ಅವರು ನಾಚಿಕೆಯಿಂದಲೂ ಹೇಳಲಿಲ್ಲ, ಜಂಬದಿಂದಲೂ ಹೇಳಲಿಲ್ಲ; ತಮಗೆ ಆದ ನಷ್ಟದ ವರದಿ ಒಪ್ಪಿಸಿದ ಹಾಗಿತ್ತು.

"ನಿಮ್ಮ ವ್ಯಾಕರಣ ಸಾಲಿ ಗ್ವಾಡಿ ಒಳಗ ಇರ್ಲಿ, ಟೀಚರ್."

ಶನಿವಾರ ಪಾಲಕರ ಸಭೆ ಇತ್ತು. ಅಲ್ಲಿ ನಾನು ಕಲಿಸಿದ್ದು ತಪ್ಪಾಯಿತು ಎಂದು ಮಕ್ಕಳ ಮುಂದೆ ಹೇಳಬೇಕು, ಇಲ್ಲದಿದ್ದರೆ ತಮ್ಮ ಓಣಿಯ ಮಕ್ಕಳನ್ನೆಲ್ಲ ಬಿಡಿಸಿ ಸಿಂಧನೂರಿನ ಶಾಲೆಯ ವ್ಯಾನು ಹತ್ತಿಸುತ್ತೇವೆ, ಮೇಲಿನ ಕಚೇರಿಗೂ ಬರೆದುಕೊಡುತ್ತೇವೆ ಎಂದು ಹೇಳಿ ಎದ್ದುಹೋದರು. ಹೆಡ್ ಮಾಸ್ತರು ಕೆಟ್ಟವರಲ್ಲ. ನಿವೃತ್ತಿ ಹತ್ತಿರವಿತ್ತು. ಪುಸ್ತಕದ ಭಾಷೆ ಬೇರೆ, ಊರಿನ ಭಾಷೆ ಬೇರೆ ಎಂದು ಒಂದು ಮಾತು ಹೇಳಿ ಮುಗಿಸಿಬಿಡಿ ಎಂದು ನನ್ನನ್ನು ಬೇಡಿಕೊಂಡರು. ಮಕ್ಕಳು ಬಿಟ್ಟುಹೋದರೆ ಶಾಲೆಯೇ ಉಳಿಯುವುದಿಲ್ಲ ಎಂಬುದು ಅವರ ಭಯ. ಅದು ಸುಳ್ಳು ಭಯವೂ ಆಗಿರಲಿಲ್ಲ.

ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಅಪ್ಪನಿಗೆ ಫೋನು ಮಾಡಿದೆ. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ: ನನ್ನ ನೌಕರಿ, ನನ್ನ ವರ್ಗಾವಣೆ, ನನ್ನ ಮರ್ಯಾದೆ. ಅಪ್ಪ ಎಲ್ಲ ಕೇಳಿಸಿಕೊಂಡು, "ಆ ಹಿರ್ಯಾರ ಕೆಲ್ಸ ಏನಾತವಾ?" ಎಂದರು.

ಸಾಯಂಕಾಲ ಬಸ್ಸಿಗೆ ಹೋಗದೆ ಹುಡುಗಿಯ ಓಣಿಗೆ ಹೋದೆ. ಅವಳು ಬಾಗಿಲಲ್ಲೇ ಇದ್ದಳು. ನಾಳೆಯಿಂದ ಅವ್ವನ ಜೊತೆ ನಾಟಿಗೆ ಹೋಗಬೇಕೆಂದು ಮನೆಯಲ್ಲಿ ಹೇಳಿದ್ದಾರೆ ಎಂದಳು. ಬಾಯಿ ಬಿಟ್ಟಿದ್ದು ಅವಳೇ ಎಂದು ಎಲ್ಲರೂ ಅವಳನ್ನೇ ಬೈದಿದ್ದರು. ನಾನು ಏನೋ ಧೈರ್ಯದ ಮಾತು ಹೇಳಲು ಹೋದೆ. ಅವಳು ಮುಗಿಸಲು ಬಿಡಲಿಲ್ಲ.

"ನೀವು ಬಸ್ ಹತ್ತಿ ಮಸ್ಕಿಗಿ ಹೋಗ್ತೀರಿ ಟೀಚರ್. ನಾವು ಇಲ್ಲೇ ಇರ್ತೀವಿ."

ಅಜ್ಜ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ತೆಳ್ಳನೆಯ ಮೈ, ಕೆಸರಿನಲ್ಲಿ ನಿಂತು ನಿಂತು ಬಿರಿದ ಪಾದ. ಕೆಲಸವಿಲ್ಲದ ಹಗಲು ಅವರಿಗೆ ಹೊಸದು ಎಂದು ಕೂತ ರೀತಿಯೇ ಹೇಳುತ್ತಿತ್ತು. ನನ್ನನ್ನು ನೋಡಿ ಎದ್ದರು. ನೀರು ಕೊಡಬಹುದೋ ಇಲ್ಲವೋ ಎಂದು ಅನುಮಾನಿಸಿದರು. ನಾನೇ ಕೇಳಿ ತರಿಸಿಕೊಂಡು ಕುಡಿದೆ. ಆಮೇಲೆ ಅವರು ಸ್ವಲ್ಪ ಹತ್ತಿರ ಕೂತು ಮಾತಾಡಿದರು.

"ಟೀಚರಮ್ಮ, ನನಗ ಏನಂದ್ರೂ ನಡೀತಿತ್ರಿ. ಇಷ್ಟ್ ವರ್ಸ ನಡದೈತಿ. ಈ ಹುಡುಗಿ ಓದು ನಿಂತ್ರ ಮಾತ್ರ ನಡ್ಯಂಗಿಲ್ಲ. ಸನಿವಾರ ನೀವು ಏನರ ಹೇಳ್ರಿ. ನನ್ನ ಹೆಸರು ಮಾತ್ರ ತರಬ್ಯಾಡ್ರಿ."

ಆಗಲಿ ಎಂದು ಮಾತು ಕೊಟ್ಟೆ. ಕೊಟ್ಟ ಮೇಲೆ ನನ್ನ ಕೈ ಕಟ್ಟಿದಂತಾಯಿತು. ಯಾರ ಪರವಾಗಿ ನಿಲ್ಲಬೇಕೋ ಅವರ ಹೆಸರನ್ನೇ ಎತ್ತದೆ ಸಭೆಯಲ್ಲಿ ನಿಲ್ಲಬೇಕಿತ್ತು. ಶನಿವಾರದ ತನಕ ತರಗತಿಯಲ್ಲಿ ವಿಭಕ್ತಿ ಪ್ರತ್ಯಯ ಕಲಿಸಿದೆ. ಯಾರೂ ತಪ್ಪು ಮಾಡಲಿಲ್ಲ, ಯಾರೂ ನಗಲೂ ಇಲ್ಲ. ಹುಡುಗ ತಲೆ ತಗ್ಗಿಸಿಕೊಂಡೇ ಇರುತ್ತಿದ್ದ. ಹೊರಗೆ ಬೈಕಿನ ಸದ್ದಾದರೆ ಇಡೀ ತರಗತಿ ಬಾಗಿಲ ಕಡೆ ನೋಡುತ್ತಿತ್ತು. ನಾನೂ.

ಸಭೆಗೆ ಬರುವವರು ಸಾಮಾನ್ಯವಾಗಿ ಕಡಿಮೆ. ಅವತ್ತು ಪಡಸಾಲೆ ತುಂಬಿತ್ತು. ಕುರ್ಚಿಯ ಮೇಲೆ ಜಮೀನಿದ್ದವರು, ಅವರ ಹಿಂದೆ ನಿಂತವರು. ಶಾಲೆಯ ಅಂಗಳದ ಬೇವಿನ ಗಿಡದ ಕೆಳಗೆ ನಾಟಿಯ ಹೆಂಗಸರು. ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದರು. ಅವರ ನಡುವೆ ಆ ಹುಡುಗಿಯೂ ಇದ್ದಳು. ಅಜ್ಜ ಬಂದಿರಲಿಲ್ಲ.

ಹುಡುಗನ ಅಪ್ಪ ಮೊದಲು ಶಾಂತವಾಗಿಯೇ ಶುರು ಮಾಡಿದರು. ಮಕ್ಕಳಿಗೆ ಅಕ್ಷರ ಕಲಿಸಲಿ, ಮನೆಯೊಳಗೆ ಯಾಕೆ ಕೈ ಹಾಕಬೇಕು ಎಂದರು. ಆಳು ಆಳೇ, ಧಣಿ ಧಣಿಯೇ, ಇಬ್ಬರಿಗೂ ಹೊಟ್ಟೆಗೆ ಸಿಗುತ್ತಿಲ್ಲವೇ ಎಂದರು. ಕೆಲವರು ತಲೆಯಾಡಿಸಿದರು. ನಾನು ಪಠ್ಯಪುಸ್ತಕ ತೆರೆದು ಗೌರವದ ಬಹುವಚನದ ಪುಟ ಓದಿದೆ. ಪುಸ್ತಕದಲ್ಲಿ ವಯಸ್ಸಾದವರಿಗೆ ಗೌರವ ಕೊಡಿ ಎಂದಿದೆ, ಇಂಥ ವಯಸ್ಸಾದವರಿಗೆ ಬೇಡ ಎಂದು ಎಲ್ಲೂ ಇಲ್ಲ, ಅದರಿಂದ ತಪ್ಪಾಯಿತು ಎಂದು ಹೇಳಲಾರೆ ಎಂದೆ. ಅವರ ಮುಖ ಬದಲಾಯಿತು. ಅಲ್ಲಿಯ ತನಕ ನೀವು ಎನ್ನುತ್ತಿದ್ದವರು,

"ನೀ ಎಲ್ಲಿಂದ ಬಂದೀದಿ ಅಂತ ನಮಗ ಗೊತ್ತಿಲ್ಲೇನು?" ಎಂದರು.

ಹೆಡ್ ಮಾಸ್ತರು ಮೇಲೆ ಫ್ಯಾನು ನೋಡಿದರು. ಬೇವಿನ ಗಿಡದ ಕೆಳಗಿನ ಪಿಸುಮಾತು ನಿಂತಿತು. ನನ್ನ ಬಾಯಿಗೆ ಬಂದದ್ದು ಕೆಟ್ಟ ಮಾತು. ಅದನ್ನು ನುಂಗಿ, ಪಾಠ ಹೇಳುವ ದನಿಯನ್ನು ಹೇಗೋ ಹುಡುಕಿಕೊಂಡೆ.

"ಸರ್, ನೀವು ಈಗ ನನಗ 'ನೀ' ಅಂದ್ರಿ. ನಾ ನಿಮಗ 'ನೀವು' ಅನ್ನಾಕತ್ತೀನಿ. ಮಕ್ಳಿಗೆ ನಾ ಕಲಿಸಿದ್ದು ಇಷ್ಟ."

ಅವರು ಬಾಗಿಲ ಬಳಿ ಮಕ್ಕಳ ಗುಂಪಿನಲ್ಲಿದ್ದ ಮಗನನ್ನು ಕೈಮಾಡಿ ಕರೆದರು. ಟೀಚರು ಮನೆಗೆ ಹೋಗಿ ಹಾಗನ್ನು ಎಂದು ಹೇಳಿಕೊಟ್ಟಿದ್ದರೋ ಇಲ್ಲವೋ, ಎಲ್ಲರ ಮುಂದೆ ಹೇಳು ಎಂದರು. ಹೌದು ಎಂದರೆ ಹುಡುಗನಿಗೆ ಬಿಡುಗಡೆ. ಅಪ್ಪನ ಸಿಟ್ಟೂ ಇಳಿಯುತ್ತಿತ್ತು, ಊರಿನ ನಗೆಯೂ ನಿಲ್ಲುತ್ತಿತ್ತು. ಅವನು ಹೌದು ಎಂದೇ ಹೇಳುತ್ತಾನೆ ಎಂದುಕೊಂಡೆ. ಹೇಳಲಿ ಎಂದೂ ಒಂದು ಕ್ಷಣ ಅನ್ನಿಸಿತು; ಆ ಊದಿದ ಕೆನ್ನೆ ಇನ್ನೂ ಪೂರ್ತಿ ಇಳಿದಿರಲಿಲ್ಲ.

ಹುಡುಗ ಅಪ್ಪನ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ನೆಲ ನೋಡುತ್ತ ಹೇಳಿದ.

"ಟೀಚರ್ ಸಾಲ್ಯಾಗ ಅಂದ್ರು. ಹೊಲ್ದಾಗ ನಾನ ಅಂದೆ."

ಯಾಕೆ ಅಂದೆ ಎಂದು ಯಾರೋ ಹಿಂದಿನಿಂದ ಕೇಳಿದರು. ಅಜ್ಜ ತನಗೆ ಕಾಲುವೆಯಲ್ಲಿ ಈಜು ಕಲಿಸಿದ್ದಾರೆ, ಅದಕ್ಕೆ ಎಂದ. ಅಪ್ಪನ ಕೈ ಮೇಲೆ ಹೋಯಿತು. ಬೇವಿನ ಗಿಡದ ಕೆಳಗಿದ್ದ ಹೆಂಗಸರು ಒಟ್ಟಿಗೆ ಎದ್ದು ನಿಂತರು. ಯಾರೂ ಮುಂದೆ ಬರಲಿಲ್ಲ, ಎದ್ದು ನಿಂತರು ಅಷ್ಟೆ. ನಾನೂ ಹುಡುಗನ ಕಡೆ ಹೆಜ್ಜೆ ಇಟ್ಟಿದ್ದೆ. ಮೇಲೆ ಹೋದ ಕೈ ಹಾಗೇ ಇಳಿದು ಹುಡುಗನ ಹೆಗಲ ಮೇಲೆ ಕೂತಿತು. ಅವರು ಮಗನನ್ನು ಮುಂದೆ ಮಾಡಿಕೊಂಡು ಅಂಗಳ ದಾಟಿ ಹೋದರು. ಹೆಡ್ ಮಾಸ್ತರು ಶೌಚಾಲಯದ ರಿಪೇರಿಯ ವಿಷಯ ಎತ್ತಿಕೊಂಡು ಸಭೆ ಮುಗಿಸಿದರು.

ಆಮೇಲಿನ ವಾರಗಳು ಸಭೆಗಿಂತ ಕಷ್ಟವಾಗಿದ್ದವು. ಹೆಡ್ ಮಾಸ್ತರ ಫೋನು ಹೊಡೆದುಕೊಂಡಾಗಲೆಲ್ಲ ಮೇಲಿನಿಂದ ಕರೆ ಬಂತು ಎಂದುಕೊಳ್ಳುತ್ತಿದ್ದೆ. ಬರಲಿಲ್ಲ. ವ್ಯಾನಿಗೆ ಹೋದ ಮಕ್ಕಳು ಕೆಲವರು. ಆ ಹುಡುಗ ಹೋಗಲಿಲ್ಲ, ಹಟ ಹಿಡಿದು ನಮ್ಮಲ್ಲೇ ಉಳಿದ ಎಂದು ಆಮೇಲೆ ತಿಳಿಯಿತು. ಅಜ್ಜನನ್ನು ಆ ಗದ್ದೆಗೆ ಮತ್ತೆ ಕರೆಯಲಿಲ್ಲ. ಬಹಳ ದಿನ ಕೆಲಸವಿಲ್ಲದೆ ಕೂತು, ಕೊನೆಗೆ ಆಂಧ್ರದಿಂದ ಬಂದು ನೆಲೆಸಿದವರ ದೂರದ ಕ್ಯಾಂಪಿನಲ್ಲಿ ಒಬ್ಬ ರೈತರ ಹತ್ತಿರ ಸೇರಿಕೊಂಡರು. ಅಲ್ಲಿ ಅವರನ್ನು ತೆಲುಗಿನಲ್ಲಿ ಪೆದ್ದಾಯನ, ಅಂದರೆ ಹಿರಿಯರು, ಎಂದು ಕರೆಯುತ್ತಾರಂತೆ. ಆದರೆ ಮುಂಜಾನೆ ಕತ್ತಲಿರುವಾಗಲೇ ನಡೆದು ಹೋಗಬೇಕಿತ್ತು, ಆ ವಯಸ್ಸಿನಲ್ಲಿ. ಇದನ್ನು ಗೆಲುವು ಎಂದು ನಾನು ಯಾರಿಗೂ ಹೇಳಿಲ್ಲ.

ಹುಡುಗಿ ನಾಟಿ ಮುಗಿದ ಮೇಲೆ ಶಾಲೆಗೆ ಬಂದಳು. ಹಿಂದಿನ ಬೆಂಚಿನಲ್ಲಿ ಕೂತಳು, ಕೈ ಎತ್ತುವುದನ್ನು ಬಿಟ್ಟಿದ್ದಳು. ಒಂದು ದಿನ ಎಲ್ಲರೂ ಹೋದ ಮೇಲೆ ಅವಳನ್ನು ನಿಲ್ಲಿಸಿಕೊಂಡು, ಅವತ್ತು ನನಗೂ ಹೆದರಿಕೆಯಾಗಿತ್ತು ಎಂದೆ. ಗೊತ್ತೈತ್ರಿ, ಪುಸ್ತಕದಾಗ ಒಂದ ಸಾಲು ಎರಡ್ ಸಲ ಓದಿದ್ರಿ ಎಂದಳು. ನನ್ನ ಚೀಲ ತಾನೇ ಎತ್ತಿಕೊಂಡು ಬಸ್ಸಿನ ತನಕ ಬಂದಳು. ಪರೀಕ್ಷೆಯ ಹೊತ್ತಿಗೆ ಮತ್ತೆ ಜಗಳಕ್ಕೆ ನಿಲ್ಲುವಷ್ಟು ಪ್ರಶ್ನೆ ಕೇಳುತ್ತಿದ್ದಳು.

ಬೇಸಿಗೆಯಲ್ಲಿ ಹುಡುಗನ ವರ್ಗಾವಣೆ ಪತ್ರಕ್ಕೆ ಅವನ ಅವ್ವ ಬಂದರು. ಲಿಂಗಸೂಗೂರಿನ ಹಾಸ್ಟೆಲ್ಲಿಗೆ ಹಾಕುತ್ತಿದ್ದರು. ಅಷ್ಟು ದಿನದಲ್ಲಿ ನಾನು ಆಕೆಯನ್ನು ನೋಡಿದ್ದು ಅದೇ ಮೊದಲು. ಹುಡುಗ ಗೆಳೆಯರ ಹತ್ತಿರ ಹೋದಾಗ ಆಕೆ ಸೆರಗು ಸರಿಮಾಡಿಕೊಂಡು ನನ್ನ ಮೇಜಿನ ಹತ್ತಿರ ಬಂದರು. ನಿಮ್ಮ ಮನೆಯವರು ನನ್ನ ಮೇಲೆ ಇನ್ನೂ ಸಿಟ್ಟಾಗಿದ್ದಾರಾ ಎಂದು ನಾನೇ ಕೇಳಿದೆ.

"ಸಿಟ್ಟಿನ ಮಾತು ಗೊತ್ತಿಲ್ರಿ," ಎಂದರು ಆಕೆ ದನಿ ತಗ್ಗಿಸಿ. "ಮಗ ಮುಂದಿದ್ದಾಗ ಆಳುಗಳ ಕೂಡ ಮಾತಾಡೋ ರೀತಿನ ಬ್ಯಾರೆ ಆಗೈತ್ರಿ. 'ಊಟ ಆತೇನು? ನೀರು ಬಂತೇನು? ಕೆಲ್ಸ ಮುಗೀತೇನು?' ಇಷ್ಟ. ನೀನೂ ಅನ್ನಂಗಿಲ್ಲ, ನೀವೂ ಅನ್ನಂಗಿಲ್ಲ. ಹುಡುಕಿ ಹುಡುಕಿ ಮಾತಾಡ್ತಾರ."

ನಗು ಬಂದದ್ದು ಮೊದಲು ಆಕೆಗೆ. ಕೂಡಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಾಗಿಲ ಕಡೆ ನೋಡಿದರು. ಮಗ ಬರುತ್ತಿದ್ದ. ಪತ್ರ ಮಡಿಸಿ ಅವನ ಕೈಗೆ ಕೊಟ್ಟೆ. ಹೊಸ ಶಾಲೆಯಲ್ಲೂ ವ್ಯಾಕರಣ ಇರುತ್ತದೆಯೇ ಎಂದು ಕೇಳಿದ. ಇರುತ್ತದೆ ಎಂದೆ.