ತಂಗಿಯ ಕಚೇರಿಗೆ ನಾನು ಹಾಕಿದ ಮೈಕು

ತೊಂಬತ್ತರ ದಶಕದಲ್ಲಿ ನಮ್ಮ ಅಗ್ರಹಾರದ ಬೀದಿಯಲ್ಲಿ ಸಂಜೆಯಾದರೆ ಸಾಕು, ಮನೆಮನೆಯಲ್ಲೂ ಸಂಗೀತ ಪಾಠ ಶುರುವಾಗುತ್ತಿತ್ತು. ಒಂದು ಮನೆಯಲ್ಲಿ ವೀಣೆ, ಎದುರು ಮನೆಯಲ್ಲಿ ಪಿಟೀಲು, ಮೂಲೆಮನೆಯ ಮಹಡಿಯಲ್ಲಿ ಭರತನಾಟ್ಯದ ಕೋಲಿನ ಸದ್ದು. ಏನನ್ನೂ ಕಲಿಯದ ಮಕ್ಕಳೆಂದರೆ ಆ ಬೀದಿಯಲ್ಲಿ ಲಸಿಕೆ ಹಾಕಿಸದ ಮಕ್ಕಳಿದ್ದಂತೆ. ನೆರೆಹೊರೆಯವರು ಕನಿಕರದಿಂದ ವಿಚಾರಿಸುತ್ತಿದ್ದರು.

ನಾನು ಅಂಥ ಮಗು. ಸಂಗೀತ ಹಾಗಿರಲಿ, ಶಾಲೆಯೂ ನನಗೆ ಹತ್ತಲಿಲ್ಲ. ಅಪ್ಪ ಒಂದು ಮಠದ ವಿದ್ಯಾರ್ಥಿನಿಲಯದಲ್ಲಿ ಅಡುಗೆಯವರು. ಎಲ್ಲೆಲ್ಲಿಂದಲೋ ಬಂದ ಹುಡುಗರು ಅಪ್ಪ ಬೇಯಿಸಿದ ಮುದ್ದೆ ಸಾರು ಉಂಡು ಓದಿ ಇಂಜಿನಿಯರುಗಳಾದರು, ಲಾಯರುಗಳಾದರು, ಒಬ್ಬ ತಹಸೀಲ್ದಾರನೂ ಆದ. ಅದೇ ಸಾರು ಉಂಡ ನಾನು ಎಂಟನೆಯ ತರಗತಿಯಲ್ಲಿ ಎರಡು ಸಲ ಕೂತು, ಮತ್ತೊಮ್ಮೆ ಕೂರಲು ನಾಚಿಕೆಯಾಗಿ ಎದ್ದುಬಂದೆ. ತಪ್ಪು ಸಾರಿನದಲ್ಲ ಎಂಬುದಂತೂ ಸ್ಪಷ್ಟವಾಯಿತು.

ಆಮೇಲೆ ನಮ್ಮ ಬೀದಿಯ ಕೊನೆಯಲ್ಲಿದ್ದ ಮೈಕ್‌ಸೆಟ್ ಅಂಗಡಿಗೆ ಸೇರಿದೆ. ಮದುವೆ, ನಾಮಕರಣ, ಗಣೇಶನ ಹಬ್ಬ, ಚುನಾವಣೆ, ಎಲ್ಲಕ್ಕೂ ಮೈಕು ಬೇಕು. ಚಾಮುಂಡಿ ಬೆಟ್ಟದ ಮೇಲಿನ ಅನ್ನದಾನಕ್ಕೂ ಹಾರ್ನ್ ಕಟ್ಟಿ ಬಂದಿದ್ದೇನೆ. ಕೆಲವೇ ವರ್ಷಗಳಲ್ಲಿ ಊರಿನ ದೊಡ್ಡ ದೊಡ್ಡ ಗಾಯಕರ ಬಾಯಿಗೆ ಒಂದು ಗೇಣು ದೂರದಲ್ಲಿ ಮೈಕು ನಿಲ್ಲಿಸಿ, ‘ಹಲೋ ಚೆಕ್’ ಅನ್ನುವಷ್ಟು ನಾನು ಬೆಳೆದೆ. ಪ್ರತಿ ಕಚೇರಿಯಲ್ಲೂ ವೇದಿಕೆಯ ಪಕ್ಕದಲ್ಲೇ ಕೂರುತ್ತಿದ್ದುದರಿಂದ ನನಗೂ ಸಂಗೀತ ಗೊತ್ತಿದೆ ಎಂದು ಜನ ತಿಳಿದರು. ಸ್ವಲ್ಪ ದಿನಕ್ಕೆ ನಾನೂ ಹಾಗೇ ತಿಳಿದೆ.

ನಿಜಕ್ಕೂ ಸಂಗೀತ ಇದ್ದದ್ದು ನನ್ನ ತಂಗಿಗೆ. ನನಗಿಂತ ನಾಲ್ಕು ವರ್ಷ ಚಿಕ್ಕವಳು. ನಮ್ಮ ಹಿಂದಿನ ಬೀದಿಯಲ್ಲಿ ಕಂದಾಯ ಇಲಾಖೆಯಿಂದ ನಿವೃತ್ತರಾದ ಸಂಗೀತದ ಮೇಷ್ಟ್ರೊಬ್ಬರು ಮನೆಯ ಜಗುಲಿಯಲ್ಲೇ ಪಾಠ ಹೇಳುತ್ತಿದ್ದರು. ಅಲ್ಲಿ ಮೆಟ್ಟಿಲ ಕೆಳಗೆ ನಿಂತು ಕೇಳುತ್ತಿದ್ದವಳನ್ನು ಅವರೇ ಕರೆದು ಕೂರಿಸಿದರು. ಜೂನಿಯರ್ ಪರೀಕ್ಷೆಯಲ್ಲಿ ಒಳ್ಳೆಯ ದರ್ಜೆಯಲ್ಲಿ ತೇರ್ಗಡೆಯಾದಳು. ಸೀನಿಯರ್‌ಗೆ ತಯಾರಾಗುತ್ತಿದ್ದಾಗ ಮೇಷ್ಟ್ರು ಒಂದು ದಿನ ಅಪ್ಪನನ್ನು ಕರೆಸಿ, “ಇನ್ನು ನನ್ನ ಹತ್ರ ಇವಳಿಗೆ ಹೇಳ್ಕೊಡೋಕೆ ಏನೂ ಉಳಿದಿಲ್ಲ ಕಣ್ರೀ. ದೊಡ್ಡವರ ಕೈಗೆ ಹಾಕ್ಬೇಕು” ಅಂದರು.

ದೊಡ್ಡವರೆಂದರೆ ರಾಮಕೃಷ್ಣನಗರದಲ್ಲಿದ್ದ ಒಬ್ಬ ವಿದ್ವಾಂಸರು. ಅವರು ಆರಿಸಿಕೊಂಡ ನಾಲ್ಕಾರು ಮಕ್ಕಳಿಗೆ ಮಾತ್ರ ಪಾಠ ಹೇಳುತ್ತಿದ್ದರು. ಅವರ ಕೈಯಲ್ಲಿ ಪಳಗಿದವರು ರೇಡಿಯೋದಲ್ಲಿ ಹಾಡುತ್ತಿದ್ದರು, ಕಾಲೇಜುಗಳಲ್ಲಿ ಸಂಗೀತ ಕಲಿಸುತ್ತಿದ್ದರು. ಅಡುಗೆಯವರ ಮಗಳಿಗೆ ಆ ಬಾಗಿಲು ತೆರೆದರೆ ಬದುಕೇ ಬೇರೆಯಾಗುತ್ತಿತ್ತು. ಆದರೆ ಅವರದ್ದೊಂದು ಪದ್ಧತಿ ಇತ್ತು. ಮನೆಗೆ ಕರೆದು ಹಾಡಿಸಿ ನೋಡುತ್ತಿರಲಿಲ್ಲ. “ನನ್ನೆದುರಿಗೆ ಎಲ್ಲರೂ ಹಾಡ್ತಾರೆ. ಜನರೆದುರು ಹಾಡೋದನ್ನ ಕೇಳ್ಬೇಕು” ಎನ್ನುತ್ತಿದ್ದರಂತೆ. ಮೇಷ್ಟ್ರು ಓಡಾಡಿ, ನಮ್ಮ ಬೀದಿಯ ರಾಮೋತ್ಸವದಲ್ಲಿ ದೊಡ್ಡ ಕಚೇರಿಗೆ ಮುಂಚೆ ತಂಗಿಗೆ ಅರ್ಧ ಗಂಟೆ ಕೊಡಿಸಿದರು. ವಿದ್ವಾಂಸರೂ ಬರಲು ಒಪ್ಪಿದರು.

ಮೈಕು ನಮ್ಮ ಅಂಗಡಿಯದೇ. ತಂಗಿಯ ಮೊದಲ ಕಚೇರಿಗೆ ಅಣ್ಣನದೇ ಮೈಕು. ಅಮ್ಮ ಅದನ್ನು ದೇವರ ದಯೆ ಎಂದಳು.

ಆ ವರ್ಷ ನಮ್ಮ ಅಂಗಡಿಯ ಯಜಮಾನರು ಹೊಸದಾಗಿ ಒಂದು ಎಕೋ ಪೆಟ್ಟಿಗೆ ತಂದಿದ್ದರು. ಅದರ ಗುಂಡಿ ತಿರುಗಿಸಿದರೆ ಹಾಡಿದ್ದು ಬೆಟ್ಟಕ್ಕೆ ಬಡಿದು ಬಂದಂತೆ ಮತ್ತೆ ಮತ್ತೆ ಕೇಳುತ್ತಿತ್ತು. ಆರ್ಕೆಸ್ಟ್ರಾದವರಿಗೆ ಅದು ಪಂಚಪ್ರಾಣ. ಮದುವೆಮನೆಗಳಲ್ಲಿ ಬೀಗರು ಬಂದು “ಎಕೋ ಜಾಸ್ತಿ ಹಾಕಪ್ಪ, ಸಿನಿಮಾ ಥರ ಬರ್ಲಿ” ಎನ್ನುತ್ತಿದ್ದರು. ಬೀಗರ ಚಿಕ್ಕಪ್ಪನ ಕೆಮ್ಮು ಕೂಡ ಅದರಲ್ಲಿ ಗಂಭೀರವಾಗಿ ಕೇಳಿಸುತ್ತಿತ್ತು. ಆದರೆ ಯಜಮಾನರು ಮೊದಲ ದಿನವೇ ನನಗೆ ಹೇಳಿದ್ದರು: “ನೋಡ್ಲಾ, ಸಂಗೀತದ ಕಚೇರಿಗೆ ಈ ಗುಂಡಿ ಮುಟ್ಟಿದ್ರೆ ಕೈ ಮುರ್ದ್ಬುಡ್ತೀನಿ. ಅವರದು ತಾಳದ ವ್ಯವಹಾರ.”

ತಾಳದ ವ್ಯವಹಾರ ಎಂದರೇನೆಂದು ನಾನು ಕೇಳಲಿಲ್ಲ. ಕೇಳಿದ್ದರೆ ಗೊತ್ತಿಲ್ಲ ಎಂದು ಒಪ್ಪಿಕೊಂಡಂತಾಗುತ್ತಿತ್ತಲ್ಲ.

ಆ ಸಂಜೆ ಚಪ್ಪರದಲ್ಲಿ ಪಾನಕ, ಕೋಸಂಬರಿ ಹಂಚಿಕೆ ನಡೆದಿತ್ತು. ಮುಂದಿನ ಸಾಲಿನಲ್ಲಿ ಎಂದಿನ ಹಿರಿಯರು ಶಾಲು ಹೊದ್ದು ಕೂತಿದ್ದರು. ಯಾರು ಹಾಡಿದರೂ ತೊಡೆಯ ಮೇಲೆ ತಾಳ ಹಾಕುವುದು, ಹಾಡಿದ ಮೇಲೆ ತಮ್ಮ ಕಾಲದಲ್ಲಿ ಇದನ್ನು ಇನ್ನೂ ಚೆನ್ನಾಗಿ ಹಾಡುತ್ತಿದ್ದರು ಎನ್ನುವುದು ಅವರ ಕೆಲಸ. ವಿದ್ವಾಂಸರು ತಡವಾಗಿ ಬಂದು ಹಿಂದೆ ಕುರ್ಚಿಯೊಂದರಲ್ಲಿ ಕೂತರು. ತಂಗಿ ಅಮ್ಮನ ಮದುವೆಯ ಸೀರೆ ಉಟ್ಟಿದ್ದಳು. ಅವಳ ದನಿ ಮನೆಯಲ್ಲಿ ಕೇಳುವಾಗ ಸಣ್ಣಗಿತ್ತು. ಈ ಚಪ್ಪರದಲ್ಲಿ ಇದು ಎಲ್ಲಿ ಸಾಲುತ್ತದೆ ಎಂದು ನನಗೆ ಅನ್ನಿಸಿತು. ಯಜಮಾನರು ಬೇರೆ ಕಡೆ ಮದುವೆಗೆ ಹೋಗಿದ್ದರು. ನಾನು ಗುಂಡಿ ತಿರುಗಿಸಿದೆ.

ಚಪ್ಪರದಲ್ಲಿ ಕೂತ ಜನರಿಗೆ ಅದು ಅಷ್ಟಾಗಿ ತಿಳಿಯಲಿಲ್ಲ. ನಮ್ಮ ಬೀದಿ ಕಿರಿದು, ಹಾರ್ನಿನ ಸದ್ದು ಎದುರು ಗೋಡೆಗಳಿಗೆ ಬಡಿದು ಹೇಗೂ ಎರಡೆರಡಾಗಿ ಕೇಳುತ್ತಿತ್ತು. ಆದರೆ ಹಾಡುವವರಿಗೆ ತಮ್ಮ ದನಿ ಕೇಳಲೆಂದು ವೇದಿಕೆಯ ಮೇಲೆ ಒಂದು ಸಣ್ಣ ಸ್ಪೀಕರ್ ಇಡುತ್ತೇವೆ. ತಂಗಿಯ ಮುಖಕ್ಕೇ ತಿರುಗಿದ್ದ ಅದರಲ್ಲಿ ಎಕೋ ಪೂರ್ತಿಯಾಗಿ ಬರುತ್ತಿತ್ತು.

ಅವಳು ಶುರುಮಾಡಿದಳು. ಒಂದು ಸಾಲು ಚೆನ್ನಾಗಿ ಹೋಯಿತು. ನಾನು ಹೆಮ್ಮೆಯಿಂದ ಮೃದಂಗದವರ ಮುಖ ನೋಡಿದೆ. ಅವರ ಹುಬ್ಬು ಗಂಟಾಗಿತ್ತು. ತಂಗಿಗೆ ಅವಳದೇ ದನಿ ಸ್ವಲ್ಪ ತಡವಾಗಿ ಕಿವಿಗೆ ಬೀಳುತ್ತಿತ್ತು. ಅದು ಮುಗಿಯಲೆಂದು ಅವಳು ಕಾಯುತ್ತಿದ್ದಳು, ಅಷ್ಟರಲ್ಲಿ ಮೃದಂಗ ಮುಂದೆ ಹೋಗಿರುತ್ತಿತ್ತು. ತೊಡೆಯ ಮೇಲೆ ಕೈ ಒಂದು ಕಡೆ, ಬಾಯಿ ಒಂದು ಕಡೆ. ಎರಡು ಸಲ ಸರಿಮಾಡಿಕೊಂಡಳು. ಮತ್ತೆ ತಪ್ಪಿತು. ಕೊನೆಗೆ ಹಾಡನ್ನೇ ನಿಲ್ಲಿಸಿಬಿಟ್ಟಳು. ಮುಂದಿನ ಸಾಲಿನ ಹಿರಿಯರ ಕೈಗಳೆಲ್ಲ ತಾಳದ ನಡುವೆ ಗಾಳಿಯಲ್ಲೇ ನಿಂತುಬಿಟ್ಟವು.

“ಪಾಪ, ಮಗು ಹೆದರ್ಕೊಂಡಿದೆ” ಎಂದರು ಯಾರೋ.

ತಂಗಿ ನನ್ನ ಕಡೆ ಬಗ್ಗಿ ಮೆಲ್ಲಗೆ, “ಅಣ್ಣ, ಮೈಕಲ್ಲಿ ಏನೋ ಆಗಿದೆ ನೋಡೋ” ಅಂದಳು.

ಆ ಕ್ಷಣದಲ್ಲಿ ನನಗೆ ಯಜಮಾನರ ಮಾತು ಅರ್ಥವಾಯಿತು. ಇಷ್ಟು ವರ್ಷ ಶಾಲೆಯಲ್ಲಿ ಯಾವ ಪಾಠವೂ ಅಷ್ಟು ಬೇಗ ತಲೆಗೆ ಹೋಗಿರಲಿಲ್ಲ. ‘ತಪ್ಪು ನನ್ನದು, ಮತ್ತೆ ಶುರು ಮಾಡು’ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಎದುರಿಗೆ ಇಡೀ ಬೀದಿ ಕೂತಿತ್ತು. ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ: “ಮೈಕಲ್ಲಿ ಏನೂ ಇಲ್ಲ ಕಣೇ. ನೀನು ಹೆದರ್ಕೊಂಡಿದ್ದೀಯ ಅಷ್ಟೆ. ನೀರು ಕುಡ್ದು ಹಾಡು.”

ಅವಳು ನೀರು ಕುಡಿದಳು. ಅವಳು ತಲೆಯೆತ್ತಿ ಲೋಟ ಎತ್ತಿದ್ದಾಗ ನಾನು ಎಕೋ ಆರಿಸಿದೆ.

ಮುಂದಿನ ಹಾಡು ಎಲ್ಲೂ ಜಾರದೆ ಹೋಯಿತು. ಅದರಿಂದ ಅವಳಿಗೆ ಆಗಬೇಕಾದ ಒಳ್ಳೆಯದೇನೂ ಆಗಲಿಲ್ಲ. ಮೈಕು ಸರಿಯಾಗಿಯೇ ಇತ್ತು, ಹುಡುಗಿಯೇ ತಪ್ಪಿದ್ದು ಎಂಬುದಕ್ಕೆ ಅದೇ ಸಾಕ್ಷಿಯಾಯಿತು. ವಿದ್ವಾಂಸರು ಹೊರಡುವಾಗ ಮೇಷ್ಟ್ರ ಹೆಗಲು ಮುಟ್ಟಿ, “ಕಂಠ ಬಹಳ ಚೆನ್ನಾಗಿದೆ. ಲಯ ಇನ್ನೂ ಕೂತಿಲ್ಲ. ಒಂದೆರಡು ವರ್ಷ ಹೋಗ್ಲಿ, ನೋಡೋಣ” ಅಂದರು. ನಮ್ಮ ಮೈಸೂರಿನಲ್ಲಿ ಯಾರೂ ಆಗುವುದಿಲ್ಲ ಎನ್ನುವುದಿಲ್ಲ. ನೋಡೋಣ ಎನ್ನುತ್ತಾರೆ. ಅಪ್ಪನಿಗೂ ಅದರ ಅರ್ಥ ಗೊತ್ತಿತ್ತು.

ಮನೆಗೆ ಬಂದ ಮೇಲೆ ಹೇಳಬಹುದಿತ್ತು. ಮರುದಿನ ಹೇಳಬಹುದಿತ್ತು. ಸೈಕಲ್ ಹತ್ತಿ ರಾಮಕೃಷ್ಣನಗರಕ್ಕೆ ಹೋಗಿ ವಿದ್ವಾಂಸರ ಕಾಲಿಗೆ ಬಿದ್ದು ಹೇಳಬಹುದಿತ್ತು. ಯಜಮಾನರು ಕೆಲಸದಿಂದ ತೆಗೆಯುತ್ತಾರೆಂದು ಹೆದರಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಉಳಿದರ್ಧವೆಂದರೆ, ಇಡೀ ಬೀದಿಯಲ್ಲಿ ನನಗೆ ಚೆನ್ನಾಗಿ ಗೊತ್ತಿದೆ ಎಂದು ಜನ ನಂಬಿದ್ದದ್ದು ಮೈಕಿನ ಕೆಲಸವೊಂದೇ. ಆ ಹೆಸರನ್ನು ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ತಂಗಿಗಾದರೆ ಕಾಲೇಜೂ ಇತ್ತಲ್ಲ ಎಂದುಕೊಂಡೆ.

ತಂಗಿ ಆಮೇಲೂ ಕೆಲವು ತಿಂಗಳು ಪಾಠಕ್ಕೆ ಹೋದಳು. ಹಾಡುತ್ತ ಹಾಡುತ್ತ ಇದ್ದಕ್ಕಿದ್ದಂತೆ ನಿಂತು ಕಿವಿಗೊಡುತ್ತಿದ್ದಳಂತೆ, ತಾಳ ಎಲ್ಲೋ ತಪ್ಪಿದೆ ಎಂಬ ಅನುಮಾನದಿಂದ. “ಎಲ್ಲೂ ತಪ್ಪಿಲ್ಲ ಕಣಮ್ಮ” ಎಂದು ಮೇಷ್ಟ್ರು ಎಷ್ಟು ಹೇಳಿದರೂ ಕೇಳಲಿಲ್ಲ. ಸೀನಿಯರ್ ಪರೀಕ್ಷೆಗೆ ಕೂರಲಿಲ್ಲ. ಬಿ.ಕಾಂ. ಮುಗಿಸಿ ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆಯಾದಳು. ಮದುವೆಯಾಗಿ ಕೊನೆಗೂ ರಾಮಕೃಷ್ಣನಗರ ಸೇರಿದಳು, ವಿದ್ವಾಂಸರ ಮನೆಯಿಂದ ಎರಡು ರಸ್ತೆ ಆಚೆಗೆ. ತರಕಾರಿಗೆ ಹೋಗುವಾಗ ಆ ಮನೆಯ ಮುಂದೆ ಹಾಯದೆ ಸುತ್ತು ಹಾಕಿಕೊಂಡು ಹೋಗುತ್ತಾಳೆಂದು ಅವಳ ಗಂಡ ಒಮ್ಮೆ ನಗುತ್ತ ಹೇಳಿದರು.

ನನ್ನ ಏಳಿಗೆಗೇನೂ ಕೊರತೆಯಾಗಲಿಲ್ಲ. ಯಜಮಾನರಿಗೆ ವಯಸ್ಸಾಗಿ ಅಂಗಡಿ ನನಗೇ ಬಂತು. ಒಂದು ವರ್ಷ ಗಣೇಶೋತ್ಸವದವರು ನನಗೆ ಪೇಟ ಇಟ್ಟು, ಶಾಲು ಹೊದಿಸಿ, ‘ಎಷ್ಟೋ ಎಳೆಯ ಪ್ರತಿಭೆಗಳ ದನಿಯನ್ನು ಜನರಿಗೆ ಮುಟ್ಟಿಸಿದವರು’ ಎಂದು ಹೊಗಳಿದರು. ಆ ಹೊಗಳಿಕೆಯನ್ನು ಜನರಿಗೆ ಮುಟ್ಟಿಸಿದ ಮೈಕೂ ನನ್ನದೇ. ತಂಗಿ ಬಂದು ಕೊನೆಯ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದಳು. ಆಮೇಲೆ ಹಾಡುಗಾರಿಕೆ ಶುರುವಾಗುವ ಮುಂಚೆ ಎದ್ದುಹೋದಳು.

ಎರಡು ಸಾವಿರ ಇಸವಿ ದಾಟಿದ ಮೇಲೆ ಊರಿನಲ್ಲಿ ಮಕ್ಕಳಿಗೆ ಕಲಿಯಲು ಏನೆಲ್ಲ ಬಂತು! ಕೀಬೋರ್ಡು, ಕರಾಟೆ, ಅಬಾಕಸ್, ಬೇಸಿಗೆ ಶಿಬಿರಗಳಲ್ಲಿ ನಾಟಕ, ಮಣ್ಣಿನ ಗೊಂಬೆ. ತಂಗಿ ತನ್ನ ಮಗಳನ್ನು ಎಲ್ಲಕ್ಕೂ ಸೇರಿಸಿದಳು, ಸಂಗೀತ ಒಂದನ್ನು ಬಿಟ್ಟು. ಆ ಹುಡುಗಿಗೆ ಬೇಕಾಗಿದ್ದದ್ದು ಅದೊಂದೇ. ಕರಾಟೆಯ ಬಿಳಿ ಬಟ್ಟೆ ಹಾಕಿಕೊಂಡು ಮಗ್ಗಿಯನ್ನೂ ರಾಗವಾಗಿ ಹೇಳುತ್ತಿದ್ದಳು. ಕಳಿಸು ಎಂದು ಯಾರಾದರೂ ಹೇಳಿದರೆ ತಂಗಿಯದು ಒಂದೇ ಉತ್ತರ: “ನಮ್ಮ ಮನೇಲಿ ತಾಳ ನಿಲ್ಲಲ್ಲ. ನನಗಾದ ಅವಮಾನ ಸಾಕು. ಈ ಮಗೂಗೂ ಬೇಡ.”

ಇದನ್ನು ಕೇಳಿ ಕೇಳಿ ಒಂದು ಭಾನುವಾರ ನನಗೆ ತಡೆಯಲಾಗಲಿಲ್ಲ. ಅವಳ ಅಡುಗೆಮನೆಯಲ್ಲಿ ನಿಂತು ಹೇಳಿಯೇಬಿಟ್ಟೆ.

“ಅವತ್ತು ತಪ್ಪಿದ್ದು ನೀನಲ್ಲ ಕಣೇ. ನಾನು ಎಕೋ ಹಾಕಿದ್ದೆ. ಅದಕ್ಕೇ ನಿನಗೆ ತಾಳ ಸಿಗಲಿಲ್ಲ.”

ಅವಳು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಬಯ್ಯುತ್ತಾಳೆ, ಅಳುತ್ತಾಳೆ, ಹೊರಗೆ ಹೋಗು ಎನ್ನುತ್ತಾಳೆ ಎಂದುಕೊಂಡೆ. ಎಲ್ಲಕ್ಕೂ ಸಿದ್ಧನಾಗಿದ್ದೆ.

“ಇವಳು ಹೇಳ್ಕೊಟ್ಲಾ ನಿನಗೆ?” ಎಂದಳು, ಹಜಾರದಲ್ಲಿದ್ದ ಮಗಳ ಕಡೆ ಕಣ್ಣು ಮಾಡಿ.

“ಇಲ್ಲ. ದೇವರಾಣೆಗೂ ನಿಜ.”

“ಆಣೆ ಗೀಣೆ ಎಲ್ಲ ಯಾಕೋ ಅಣ್ಣ? ಆವತ್ತೇ ಹೇಳಿದ್ಯಲ್ಲ, ಮೈಕಲ್ಲಿ ಏನೂ ಇಲ್ಲ ಅಂತ. ಅಷ್ಟು ಜನದ ಮುಂದೆ ನೀನು ಸುಳ್ಳು ಹೇಳೋನಾ?”

“ಹೇಳಿದೆ.”

“ಹೇಳೋನಲ್ಲ ನೀನು. ಈಗ ಹೇಳ್ತಿದ್ದೀಯ, ನನಗೆ ಸಮಾಧಾನ ಆಗ್ಲಿ ಅಂತ.” ಮತ್ತೆ ಈರುಳ್ಳಿಗೆ ಕೈ ಹಾಕಿದಳು. “ಮೈಕು ಕೆಟ್ಟಿದ್ರೆ ಎರಡನೇ ಹಾಡು ಹೆಂಗೆ ಸರಿ ಹೋಯ್ತು?”

“ಅಷ್ಟರಲ್ಲಿ ನಾನು ಆರಿಸಿದ್ದೆ.”

“ಅಬ್ಬಾ! ಎಲ್ಲದಕ್ಕೂ ಉತ್ತರ ಇಟ್ಕೊಂಡೇ ಬಂದ್ಬುಟ್ಟಿದ್ದೀಯ.” ಅವಳ ಕಣ್ಣಲ್ಲಿ ನೀರಿತ್ತು. ಈರುಳ್ಳಿಯದಲ್ಲ ಅನ್ನಿಸಿತು. “ಇಷ್ಟು ವರ್ಷ ಆದ್ಮೇಲೂ ನನ್ನ ತಪ್ಪನ್ನ ನಿನ್ನ ತಲೆ ಮೇಲೆ ಹೊತ್ಕೋತೀನಿ ಅಂತೀಯಲ್ಲ. ಆಯ್ತು ಬಿಡು. ನಿನ್ನ ಮುಖ ನೋಡ್ಕೊಂಡು ಇವಳನ್ನ ಪಾಠಕ್ಕೆ ಕಳಿಸ್ತೀನಿ.”

ನಾನು ಇನ್ನೂ ಎರಡು ಸಲ ಹೇಳಿದೆ. ಹೇಳಿದಷ್ಟೂ ನಾನು ಅವಳ ಕಣ್ಣಿನಲ್ಲಿ ದೊಡ್ಡವನಾಗುತ್ತ ಹೋದೆ.

ಈಗ ಹುಡುಗಿ ಪಾಠಕ್ಕೆ ಹೋಗುತ್ತಾಳೆ. ತಂಗಿ ಬಾಗಿಲವರೆಗೆ ಬಿಟ್ಟು ಬರುತ್ತಾಳೆ, ಒಳಗೆ ಹೋಗುವುದಿಲ್ಲ. ಅವಳಂತೂ ಇವತ್ತಿಗೂ ಒಂದು ಸಾಲು ಹಾಡಿಲ್ಲ. ಆದರೆ ನನ್ನ ಆ ‘ಸುಳ್ಳಿನ’ ಕಥೆಯನ್ನು ನೆಂಟರಿಷ್ಟರಿಗೆಲ್ಲ ಹೇಳಿದ್ದಾಳೆ. ಗೃಹಪ್ರವೇಶವೊಂದರಲ್ಲಿ ಚಿಕ್ಕಮ್ಮ ನನ್ನ ಕೈ ಹಿಡಿದು, “ಅಣ್ಣ ಅಂದ್ರೆ ನೀನು ಕಣಪ್ಪ” ಎಂದು ಕಣ್ಣೊರೆಸಿಕೊಂಡರು. ನಾನು ತಲೆ ತಗ್ಗಿಸಿದೆ. ಅದನ್ನೂ ವಿನಯ ಎಂದುಕೊಂಡರು.

ಮೊನ್ನೆ ಅವರ ಮನೆಗೆ ಹೋಗಿದ್ದಾಗ ಹುಡುಗಿ ಪಕ್ಕಕ್ಕೆ ಬಂದು ಕೂತಳು. “ಮಾವ, ನೀನು ನಿಜವಾಗ್ಲೂ ಎಕೋ ಹಾಕಿದ್ಯಾ?”

“ಹೂಂ.”

“ಮತ್ತೆ ಹಾಕಿಲ್ಲ ಅಂತ ಅಮ್ಮಂಗೆ ಸುಳ್ಳು ಹೇಳಿದ್ಯಾ?”

“ಹೂಂ.”

“ಹಾಗಾದ್ರೆ ನನ್ನ ಕಚೇರಿಗೆ ನೀನು ಮೈಕ್ ಹಾಕ್ಬೇಡ.”

ಒಳಗಿನಿಂದ ತಂಗಿ ಗದರಿದಳು: “ಏಯ್, ದೊಡ್ಡೋರ ಹತ್ರ ಹಂಗಾ ಮಾತಾಡೋದು? ಮಾವ ನಮಗೋಸ್ಕರ ಏನ್ ಮಾಡಿದ್ದಾನೆ ಅಂತ ಗೊತ್ತಾ ನಿನಗೆ?”

“ಗೊತ್ತು” ಎಂದಳು ಹುಡುಗಿ, ನನ್ನ ಮುಖವನ್ನೇ ನೋಡುತ್ತ.