ಮುಚ್ಚಳಕ್ಕೆ ಕಟ್ಟಿದ ಲಕ್ಕಿ ಸೊಪ್ಪು

ಮೊನ್ನೆ ಕೊಬ್ಬರಿ ಡಬ್ಬ ತೆಗೆದರೆ, ಹೋಳಿನ ಒಳಗೆಲ್ಲ ಹಸಿರು ಬೂಷ್ಟು ಮಖಮಲ್ಲಿನಂತೆ ಹಾಸಿಕೊಂಡಿತ್ತು. ಮನೆಯಾಕೆ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಹಳೆಯ ಸಹೋದ್ಯೋಗಿಯನ್ನು ಕಂಡವನಂತೆ ನಿಂತೆ. ನಗಬೇಡಿ, ಒಂದು ಕಾಲಕ್ಕೆ ನಾನು ಬೂಷ್ಟನ್ನು ಅನ್ನ ಹಾಕಿ ಸಾಕಿದವನು.

ತೊಂಬತ್ತರ ದಶಕದ ಕೊನೆಯ ಮಾತು. ಎಂಎಸ್ಸಿ ಪ್ರಾಜೆಕ್ಟಿಗೆ ಬೂಷ್ಟು ತಡೆಯುವ ಗಿಡವೊಂದು ಬೇಕಿತ್ತು. ಹಾರನಹಳ್ಳಿಯ ನಮ್ಮ ದೊಡ್ಡಮ್ಮ ಕೊಬ್ಬರಿ ಪೆಟ್ಟಿಗೆಗೆ ಬೇಲಿಯಲ್ಲಿ ಬೆಳೆಯುವ ಲಕ್ಕಿ ಗಿಡದ ಸೊಪ್ಪು ಹಾಕುತ್ತಿದ್ದಳು. ಅವಳ ಕೊಬ್ಬರಿಗೆ ಬೂಷ್ಟು ಹಿಡಿದದ್ದನ್ನು ಕಂಡವರಿಲ್ಲ. ಅದನ್ನೇ ನಂಬಿ, ಮೇಷ್ಟರ ಮುಂದೆ ಘನಗಂಭೀರವಾಗಿ ಲಕ್ಕಿಯ ಹೆಸರು ಬರೆಸಿದೆ.

ವಿಧಾನ ಸರಳ. ಗಾಜಿನ ತಟ್ಟೆಯಲ್ಲಿ ಅಗರ್ ಎಂಬ ಕಡಲಪಾಚಿಯ ಗಂಜಿ ಹೆಪ್ಪುಗಟ್ಟಿಸಿ, ಬೂಷ್ಟು ಬಿತ್ತಿ, ಸೊಪ್ಪಿನ ರಸದಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನು ನಡುವೆ ಇಡುವುದು. ರಸದಲ್ಲಿ ಕಸುವಿದ್ದರೆ ಬಿಲ್ಲೆಯ ಸುತ್ತ ಬೂಷ್ಟು ಕಾಲಿಡದ ಉಂಗುರ ಮೂಡುತ್ತದೆ. ನಾನು ಸೊಪ್ಪನ್ನು ಮೂರು ಗಂಟೆ ಕುದಿಸಿ ಬತ್ತಿಸಿದೆ. ಘಾಟಿಗೆ ಇಡೀ ಲ್ಯಾಬು ಸೀನಿತು. ಬೂಷ್ಟು ಮಾತ್ರ ಬಿಲ್ಲೆಯ ಮೇಲೇ ಹಾಸಿಗೆ ಹಾಸಿ ಮಲಗಿತು. ಮೂರು ಸಲವೂ ಅಷ್ಟೇ.

"ಇನ್ನೊಂದು ವಾರ ನೋಡ್ರೀ," ಎಂದರು ಮೇಷ್ಟರು. "ಉಂಗುರ ಬರ್ಲಿಲ್ಲ ಅಂದ್ರೆ ಈ ವರ್ಷ ನಿಮ್ಗೆ ಡಿಗ್ರಿ ಇಲ್ಲ."

ಸಿಟ್ಟು ತೀರಿಸಿಕೊಳ್ಳಲು ಹಾರನಹಳ್ಳಿ ಬಸ್ಸು ಹತ್ತಿದೆ.

"ನಿನ್ನ ಸೊಪ್ಪಲ್ಲಿ ಏನೂ ಇಲ್ಲ ದೊಡ್ಡಮ್ಮ."

"ಅದ್ನ ಏನ್ ಮಾಡ್ದೆ ನೀನು?"

"ಮೂರು ಗಂಟೆ ಕುದಿಸ್ದೆ."

"ಯಾಕೆ, ಬೂಷ್ಟಿಗೆ ನೆಗಡಿ ಆಗಿತ್ತಾ?"

ನಮ್ಮಲ್ಲಿ ಲಕ್ಕಿ ಸೊಪ್ಪು ಕುದಿಸುವುದು ಹಬೆ ತೆಗೆದುಕೊಳ್ಳುವುದಕ್ಕೆ.

"ಘಾಟೆಲ್ಲ ಗಾಳಿಗೆ ಬಿಟ್ಟು, ಚರಟ ಇಟ್ಕಂಡು ಕುಸ್ತಿಗೆ ಹೋಗಿದ್ಯಲ್ಲೋ. ನಾನು ಕೊಬ್ರಿಗೆ ಸೊಪ್ಪು ತಾಕುಸ್ತೀನಾ? ಹಸೀದು ತಂದು ಮುಚ್ಚಳಕ್ಕೆ ಕಟ್ತೀನಿ. ಕಾವಲಿರೋದು ಘಾಟು ಕಣೋ, ಸೊಪ್ಪಲ್ಲ."

ಲ್ಯಾಬಿಗೆ ಬಂದವನೇ ಹಸಿ ಸೊಪ್ಪು ಜಜ್ಜಿ ತಟ್ಟೆಯ ಮುಚ್ಚಳದಲ್ಲಿಟ್ಟು, ಅದರ ಮೇಲೆ ಬೂಷ್ಟು ಬಿತ್ತಿದ ತಟ್ಟೆಯನ್ನು ಬೋರಲು ಹಾಕಿದೆ. ನಾಲ್ಕನೆಯ ದಿನ, ಸೊಪ್ಪಿನ ನೇರಕ್ಕೆ, ಬೂಷ್ಟಿನ ನಡುವೆ ತಿಳಿಯಾದ ಒಂದು ಉಂಗುರ. ಮೇಷ್ಟರು ಸ್ಕೇಲು ಹಿಡಿದು ಎರಡು ಸಲ ಅಳೆದರು.

"ಈ ವಿಧಾನ ಎಲ್ಲಿ ಓದಿದ್ರಿ?"

"ಹಾರನಹಳ್ಳೀಲಿ ಸಾರ್."

ವರದಿಯಲ್ಲಿ 'ಆವಿ ವಿಧಾನ' ಎಂದು ಬರೆದೆ. ಕೃತಜ್ಞತೆಯ ಪುಟದಲ್ಲಿ ಮೇಷ್ಟರು, ಪ್ರಿನ್ಸಿಪಾಲರು, ಟೈಪಿಸ್ಟು ಎಲ್ಲರೂ ಇದ್ದರು. ದೊಡ್ಡಮ್ಮನ ಹೆಸರೊಂದು ಬಿಟ್ಟುಹೋಗಿತ್ತು. ಅವಳು ಕೇಳಲಿಲ್ಲ, ಈಗ ಕೇಳಲು ಅವಳೇ ಇಲ್ಲ.

ಆ ಸೊಪ್ಪಿನಿಂದ ಪದವಿ ಗಿಟ್ಟಿಸಿದವನ ಮನೆಯ ಡಬ್ಬಕ್ಕೇ ಸೊಪ್ಪಿಲ್ಲ, ನೋಡಿ. ಬೂಷ್ಟಿಗೂ ನ್ಯಾಯಬುದ್ಧಿ ಇದೆ. ಬೇಲಿಯಿಂದ ಲಕ್ಕಿಯ ಒಂದು ಟೊಂಗೆ ಮುರಿದು ತಂದು ಮುಚ್ಚಳದ ಒಳಗೆ ಕಟ್ಟಿದೆ.

"ಇದ್ಯಾವ ವಿಧಾನ ರೀ?" ಎಂದಳು ಮನೆಯಾಕೆ.

"ದೊಡ್ಡಮ್ಮನ ವಿಧಾನ," ಎಂದೆ.